ಎರಡನೇ ಬದಿಯ ಸಪ್ಪಳ

ನಮ್ಮ ಮನೆಯವರು ಬಸವಕಲ್ಯಾಣದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಕೊಡ, ಪರಾತ, ಡಬ್ಬಿಗಳು ಬಿದ್ದೇಳುವ ಸದ್ದಿನ ನಡುವೆ ಕೂತಿರುವ ಮನುಷ್ಯ. ಅಂಥವರಿಗೆ ಹೋದ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಶುದ್ಧವಾದ ಧ್ವನಿ ಬೇಕೆನಿಸಿತು. ಆ ಶುದ್ಧ ಧ್ವನಿಗಾಗಿ ನನ್ನ ಅರಿವೆ ಒಗೆಯುವ ಕಲ್ಲು ಹೋಯಿತು, ನಾನು ನಡೆಯುವ ರೀತಿ ಹೋಯಿತು, ಒಂದು ವಾರ ಮನೆಯ ರೊಟ್ಟಿಯೂ ಹೋಯಿತು. ಇದನ್ನೆಲ್ಲ ಸಿಟ್ಟಿನಲ್ಲಿ ಹೇಳುತ್ತಿಲ್ಲ. ಸಿಟ್ಟು ಇಳಿದ ಮೇಲೆಯೇ ಹೇಳಲು ಕೂತಿದ್ದೇನೆ. ಸ್ವಲ್ಪ ಉಳಿದಿದ್ದರೆ ಅದು ಕಲ್ಲಿನ ಬಾಬತ್ತು.

ಎಲ್ಲಕ್ಕೂ ಮೂಲ ಒಂದು ರೆಕಾರ್ಡು. ಎರಡು ಅಂಗೈ ಜೋಡಿಸಿದಷ್ಟು ಅಗಲದ ಕಪ್ಪು ತಟ್ಟೆ, ಒಂದೊಂದು ಬದಿಗೆ ಎರಡೆರಡು ತತ್ವಪದ. ನನ್ನ ಮಾವ ಬಸವಣಪ್ಪನವರು ಊರಿನ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡುತ್ತಿದ್ದ ಕಾಲದಲ್ಲಿ, ಸುಮಾರು ನಲವತ್ತೈದು ವರ್ಷಗಳ ಹಿಂದೆ, ಹೈದರಾಬಾದಿನಿಂದ ಒಬ್ಬ ಸಾಹೇಬರು ಯಂತ್ರ ಹೊತ್ತುಕೊಂಡು ಬಂದು ಇದೇ ಮನೆಯ ಪಡಸಾಲೆಯಲ್ಲಿ ಹಾಡು ಹಿಡಿದುಕೊಂಡು ಹೋಗಿದ್ದರಂತೆ. ಕವರಿನ ಮೇಲೆ ಆರು ಜನರ ಫೋಟೊ, ಕೆಳಗೆ ಆರು ಹೆಸರು. ಮಂಠಾಳದ ತುಳಜಾರಾಮ ಕಾಕಾನ ತಾಳ ಮೊದಲ ಪದದಲ್ಲೇ ಹಗ್ಗ ಹರಿದು ಬಿದ್ದು, ಉಳಿದ ಮೂರು ಪದಕ್ಕೆ ಅವರು ಸುಮ್ಮನೆ ತಲೆ ತೂಗಿದ್ದರಂತೆ. ಅವರ ಹೆಸರೂ ಅದರಲ್ಲಿದೆ. ನನ್ನ ಅತ್ತೆ ಶಕುಂತಲಾಬಾಯಿಯವರ ಹೆಸರು ಇಲ್ಲ. ಇರಲು ಕಾರಣವೂ ಇರಲಿಲ್ಲ, ಅವರು ಆ ಹೊತ್ತಿಗೆ ಅಡುಗೆಮನೆಯಲ್ಲಿ ಹದಿನೈದು ಜನರಿಗೆ ರೊಟ್ಟಿ ಮಾಡುತ್ತಿದ್ದರು.

ಆ ರೊಟ್ಟಿಯದೊಂದು ಕಥೆ ನಮ್ಮ ಮನೆಯಲ್ಲಿದೆ. ಬಂದ ಬಂದ ಅತಿಥಿಗಳ ಮುಂದೆ ಮಾವ ಅದನ್ನು ಹೇಳದೆ ಬಿಡುವುದಿಲ್ಲ.

"ನನ್ನ ದನಿ ಜನ್ಮದಾಗ ಒಮ್ಮೆ ರೆಕಾರ್ಡ್ ಆಯ್ತು ನೋಡ್ರಿ. ಅವತ್ತೇ ಇಕಿ ಸಾಹೇಬರ ತಾಟಿಗೆ ಸುಟ್ಟ ರೊಟ್ಟಿ ನೀಡಿದಳು. ಸುಟ್ಟಿದ್ದಂದ್ರ ಬರೇ ಸುಟ್ಟಿದ್ದಲ್ಲ, ಪೂರಾ ಇದ್ದಲಿ. ಇಕಿಗೆ ಹಾಡಿನ ಗಂಧಾನೇ ಇಲ್ಲ. ಲಗ್ನಾಗಿ ಐವತ್ತು ವರ್ಷ ಆತು, ಒಂದ್ ದಿನಾನೂ ಕುಂತು ನನ್ನ ಪದ ಕೇಳಿಲ್ಲ."

ಅತಿಥಿಗಳು ನಗುತ್ತಾರೆ. ಅತ್ತೆಯೂ ನಗುತ್ತಾರೆ. ನಕ್ಕು, ಏನೋ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನಗುತ್ತಿದ್ದೆ. ಆಮೇಲೆ ಒಂದು ದಿನ ಅವರ ಹಿಂದೆಯೇ ಒಳಗೆ ಹೋದಾಗ ಕಂಡೆ, ಆಗಲೇ ಕಡೆದು ಇಟ್ಟಿದ್ದ ಮಜ್ಜಿಗೆಯನ್ನು ಸುಮ್ಮನೆ ಮತ್ತೆ ಕಡೆಯುತ್ತಿದ್ದರು.

"ಅತ್ತಿ, ನೀವ್ಯಾಕ ತಿರುಗಿ ಏನೂ ಅನ್ನಂಗಿಲ್ಲ?" ಎಂದೆ.

"ಏನ್ ಅನ್ಲಿ ವಿದ್ಯಾ? ರೊಟ್ಟಿ ಸುಟ್ಟಿದ್ದು ಖರೇ ಅದ."

ಅವತ್ತಿನಿಂದ ನಾನು ಆ ಕಥೆಗೆ ನಗುವುದನ್ನು ಬಿಟ್ಟೆ. ಆ ಕಥೆ ಹೇಗಾದರೂ ಮುಗಿಯಬೇಕು ಎಂದು ನನಗೆ ಆಸೆಯಿತ್ತು, ಹೇಗೆ ಎಂದು ತಿಳಿದಿರಲಿಲ್ಲ. ಮಾವ ಕೆಟ್ಟವರಲ್ಲ. ಅವರ ಕೈಗೆ ನಗಿಸುವ ಒಂದು ಕಥೆ ಸಿಕ್ಕಿತ್ತು, ಬಿಡಲು ಮನಸ್ಸಿಲ್ಲ ಅಷ್ಟೇ.

ಹೋದ ಚಳಿಗಾಲ ತುಳಜಾರಾಮ ಕಾಕಾ ಮಂಠಾಳದಿಂದ ಫೋನ್ ಮಾಡಿದರು. ಆರು ಜನರಲ್ಲಿ ಈಗ ಉಳಿದವರು ಅವರು ಮತ್ತು ಮಾವ, ಇಬ್ಬರೇ. ಕಣ್ಣು ಮುಚ್ಚುವುದರೊಳಗೆ ಒಮ್ಮೆ ಆ ರೆಕಾರ್ಡು ಕೇಳಬೇಕು, ಸಾಧ್ಯವಾದರೆ ಮೊಮ್ಮಕ್ಕಳಿಗೆ ಒಂದು ಕಾಪಿ ಬೇಕು ಎಂದರು. ನಮ್ಮ ಮನೆಯವರು, ಅಂದರೆ ಧನರಾಜರು, ತಿಂಗಳು ಬಿಟ್ಟು ಒಂದು ಭಾನುವಾರ ಊಟಕ್ಕೆ ಬರಲು ಹೇಳಿದರು. ಆಮೇಲೆ ಅಟ್ಟದಿಂದ ಸೂಟ್‌ಕೇಸಿನಂಥ ಹಳೆಯ ಪ್ಲೇಯರ್ ಇಳಿಸಿ ರೆಕಾರ್ಡು ಹಚ್ಚಿದರು. ಮಾವನ ದನಿ ಮೂಗು ಹಿಡಿದುಕೊಂಡು ಹಾಡಿದಂತೆ ಬಂತು.

"ನಾ ಹಿಂಗ ಹಾಡ್ತಿದ್ನೇನೋ?" ಎಂದು ಮಾವ ಕೇಳಿದ್ದೇ ತಪ್ಪಾಯಿತು. ಮರುದಿನವೇ ಧನರಾಜರು ಅಂಗಡಿಗೆ ಬೀಗ ಹಾಕಿ ಹುಮನಾಬಾದಿಗೆ ಹೊರಟರು. ಅದು ನನ್ನ ತವರೂರು, ಆದ್ದರಿಂದ ನಾನೂ ಹೊರಟೆ.

ಹುಮನಾಬಾದಿನ ಹಳೆ ಬಜಾರಿನಲ್ಲಿ ಬಿಲಾಲ್ ಎಂಬವರ ಅಂಗಡಿಯಿದೆ. ಅವರ ತಂದೆಯ ಕಾಲಕ್ಕೆ ರೇಡಿಯೊ ರಿಪೇರಿ. ಈಗ ಹೊಟ್ಟೆಪಾಡಿಗೆ ಮೊಬೈಲ್, ಖುಷಿಗೆ ರೆಕಾರ್ಡ್ ಪ್ಲೇಯರ್. ನಮ್ಮ ಪ್ಲೇಯರಿನ ಸೂಜಿಯನ್ನು ಭೂತಗನ್ನಡಿಯಲ್ಲಿ ನೋಡಿ ಅವರು ತಲೆ ಅಲ್ಲಾಡಿಸಿದರು.

"ಧನರಾಜ ಅಣ್ಣಾ, ಇದು ಸೂಜಿ ಅಲ್ರಿ, ಮೊಳಿ. ಇಷ್ಟ್ ದಿನ ನೀವು ಪದ ಕೇಳಾಕತ್ತಿರಲಿಲ್ಲ, ಹೊಲದಾಗ ಹೊಡ್ದಂಗ ರೆಕಾರ್ಡಿನ ಮ್ಯಾಲ ಗಳೆ ಹೊಡಿಯಾಕತ್ತಿದ್ರಿ."

ಬಸವ ಜಯಂತಿಗೊಮ್ಮೆ ಮಾತ್ರ ಹೊರಗೆ ತೆಗೆಯುತ್ತಿದ್ದುದರಿಂದ ರೆಕಾರ್ಡು ಬಚಾವಾಗಿದೆ ಎಂದರು. ಆಮೇಲೆ ಬಟ್ಟೆ ಸರಿಸಿ ಒಂದು ಟರ್ನ್‌ಟೇಬಲ್ ತೋರಿಸಿದರು. ಬೆಲ್ಟಿನಿಂದ ತಿರುಗುವ ತಟ್ಟೆ, ಉದ್ದನೆಯ ತೋಳು, ತೋಳಿನ ಹಿಂದೆ ತೂಕದ ಗುಂಡು, ಮುಂದೆ ಹೊಸ ಸೂಜಿ. ಜೊತೆಗೆ ಸೂಜಿಯ ಸಣ್ಣ ದನಿಯನ್ನು ದೊಡ್ಡದು ಮಾಡುವ ಒಂದು ಡಬ್ಬಿ, ಎರಡು ಸ್ಪೀಕರು. ನಾನು ತವರಿಗೆ ಹೋಗಿ ಒಂದು ಕಪ್ ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲವನ್ನೂ ಜೀಪಿಗೆ ಹಾಕಿಯಾಗಿತ್ತು. ಮನೆಯಲ್ಲಿ ರೆಕಾರ್ಡು ಇರುವುದು ಒಂದೇ ಎಂದು ನಾನು ದಾರಿಯುದ್ದಕ್ಕೂ ನೆನಪಿಸಿದೆ. ಅವರಿಗೆ ಕೇಳಿಸಲಿಲ್ಲ. ಶುದ್ಧ ಧ್ವನಿ ಬೇಕೆನ್ನುವವರಿಗೆ ಹೆಂಡತಿಯ ಧ್ವನಿ ಸಾಮಾನ್ಯವಾಗಿ ಕೇಳಿಸುವುದಿಲ್ಲ, ಇದು ನನ್ನ ಅನುಭವ.

ಸೂಜಿ ರೆಕಾರ್ಡಿನ ಮೇಲೆ ಎರಡು ಗ್ರಾಮಿಗಿಂತ ತುಸು ಕಡಿಮೆ ಭಾರದಲ್ಲಿ ಕೂರಬೇಕಂತೆ. ಹೆಚ್ಚಾದರೆ ರೆಕಾರ್ಡು ತಿನ್ನುತ್ತದೆ, ಕಡಿಮೆಯಾದರೆ ಜಿಗಿಯುತ್ತದೆ. ಅದನ್ನು ತೂಗಲು ಧನರಾಜರು ಬಜಾರಿನ ಪತ್ತಾರರಿಂದ ಬಂಗಾರ ತೂಗುವ ಸಣ್ಣ ತಕ್ಕಡಿ ಎರವಲು ತಂದರು. ಪತ್ತಾರರ ತಕ್ಕಡಿ ನಮ್ಮ ಮನೆ ಹೊಕ್ಕಿದ್ದನ್ನು ಓಣಿ ನೋಡದೆ ಇರುತ್ತದೆಯೆ? ಸಂಜೆಯೊಳಗೆ ಎದುರು ಮನೆಯ ಚಂದಮ್ಮ ಬಂದು ಕೂತಳು.

"ಎಷ್ಟ್ ತೊಲಿ ಮಾಡಿಸಿದ್ರಿ ವಿದ್ಯಾವತಿ?"

"ಎರಡು ಗ್ರಾಂ ಸುದ್ದಾ ಇಲ್ಲ ತಗೀರಿ," ಎಂದೆ. ನಿಜ ಹೇಳಿದರೂ ಆಕೆ ನಂಬಲಿಲ್ಲ, ನನ್ನ ಕೊರಳು ನೋಡುತ್ತಲೇ ಎದ್ದು ಹೋದಳು.

ಮೊದಲ ಬದಿ ಹಚ್ಚಿದಾಗ ಮಾತ್ರ ನಾನು ಬಾಯಿ ಮುಚ್ಚಿಕೊಂಡೆ. ಮಾವ ಮೂವತ್ತು ಚಿಲ್ಲರೆ ವಯಸ್ಸಿನವರಾಗಿ ಪಡಸಾಲೆಯಲ್ಲೇ ಕೂತು ಹಾಡಿದಂತಿತ್ತು. ಉಸಿರು ಎಳೆದುಕೊಳ್ಳುವುದು ಕೇಳಿಸಿತು, ತುಳಜಾರಾಮ ಕಾಕಾನ ತಾಳ ನೆಲಕ್ಕೆ ಬಿದ್ದಿದ್ದೂ ಕೇಳಿಸಿತು. ಮಾವನ ಮುಖ ಅರಳಿತು. ಧನರಾಜರು ಲಗ್ನದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ನಾನು ಎದ್ದು ಹಿಟ್ಟು ನಾದಿ ರೊಟ್ಟಿಗೆ ಕೂತೆ.

ಎರಡನೇ ಬದಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಧನರಾಜರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ವಿದ್ಯಾ, ಜರಾ ನಿಂದ್ರಸು. ಪದದಾಗ ದಪ್ ದಪ್ ಅಂತ ಬರಾಕತ್ತದ."

"ಪದದಾಗ ಹ್ಯಾಂಗ ಬರ್ತದ್ರೀ? ನಾ ಇಲ್ಲಿ ಅದೀನಿ."

"ಗ್ವಾಡಿ ಒಂದೇ ಅದಲಾ. ನೀ ಬಡಿದಿದ್ದು ಗ್ವಾಡಿಗೆ, ಗ್ವಾಡಿಯಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಸೂಜಿಗೆ. ಬಿಲಾಲ್ ಹೇಳ್ಯಾನ, ಸೂಜಿಗೆ ಮನ್ಯಾಗಿನ ಪ್ರತಿಯೊಂದು ಸಪ್ಪಳ ಗೊತ್ತಾಗ್ತದಂತ."

ಜೋಳದ ರೊಟ್ಟಿ ಬಡಿಯದೆ ಆಗುವುದಿಲ್ಲ ಎಂದು ನಾನು ಹೇಳಬೇಕಿರಲಿಲ್ಲ, ಅವರೂ ರೊಟ್ಟಿ ತಿಂದೇ ಬೆಳೆದವರು. ಮರುದಿನ ಟೇಬಲ್ಲು ಆ ಗೋಡೆಯಿಂದ ಎದುರು ಗೋಡೆಗೆ ಹೋಯಿತು. ಅದರ ಮರುದಿನ ನಾನು ಅರಿವೆ ಒಗೆಯಲು ಹಿತ್ತಲಿಗೆ ಹೋದರೆ ಕಲ್ಲಿಲ್ಲ. ನನ್ನ ಶಹಾಬಾದ್ ಕಲ್ಲು ಪಡಸಾಲೆಯಲ್ಲಿ, ಅರ್ಧ ಕತ್ತರಿಸಿದ ನಾಲ್ಕು ರಬ್ಬರ್ ಚೆಂಡುಗಳ ಮೇಲೆ, ತನ್ನ ಮೇಲೆ ಟರ್ನ್‌ಟೇಬಲ್ ಹೊತ್ತು ಕೂತಿತ್ತು. ಭಾರದ ಕಲ್ಲಿದ್ದರೆ ನಡುಕ ಕಡಿಮೆಯಂತೆ. ನನಗೆ ಪಡಸಾಲೆಯಲ್ಲಿ ಬೆಕ್ಕಿನಂತೆ ನಡೆಯಲು ಹೇಳಿದರು. ನಡೆದೆ.

ಆದರೂ ಸಪ್ಪಳ ಹೋಗಲಿಲ್ಲ. ಮೊದಲ ಬದಿ ಸಾಫ್, ಎರಡನೇ ಬದಿಗೆ ದಪ್ ದಪ್. ಇದಕ್ಕೂ ಧನರಾಜರ ಬಳಿ ಕಾರಣ ತಯಾರಿತ್ತು. ಸಂಜೆ ಅವರು ಮೊದಲ ಬದಿ ಹಚ್ಚುವ ಹೊತ್ತಿಗೆ ನಾನು ಹಿಟ್ಟು ನಾದುತ್ತಿರುತ್ತೇನೆ, ಎರಡನೆಯದಕ್ಕೆ ಬಡಿಯಲು ಶುರು ಮಾಡುತ್ತೇನೆ. ಹಾಗಾಗಿ ಒಂದು ವಾರ ಮನೆಯ ರೊಟ್ಟಿಯೇ ಬಂದ್. ಖಾನಾವಳಿಯಿಂದ ರೊಟ್ಟಿ ತಂದರು. ಮಾವ ಮೊದಲ ತುತ್ತಿಗೇ ಅದನ್ನು ತಿರುವಿ ನೋಡಿ, ಇದರ ಮೇಲೆ ಹೆಸರು ವಿಳಾಸ ಬರೆದು ಅಂಚೆಗೆ ಹಾಕಬಹುದು ಎಂದರು. ರೊಟ್ಟಿ ನಿಂತರೂ ಸಪ್ಪಳ ನಿಲ್ಲಲಿಲ್ಲ. ಆಗ ತಪ್ಪು ನೀರಿನ ಮೋಟರಿಗೆ ಹೋಯಿತು, ಆಮೇಲೆ ಚಂದಮ್ಮನ ಮನೆಯ ಮಿಕ್ಸರಿಗೆ, ಕೊನೆಗೆ ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳಿಗೆ. ಆ ಟ್ರ್ಯಾಕ್ಟರುಗಳು ನಮ್ಮ ಓಣಿಗೆ ಬರುವುದೇ ಇಲ್ಲ.

ಕಾಕಾ ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕಾಪಿ ಮಾಡಲು ಬಿಲಾಲ್ ಲ್ಯಾಪ್‌ಟಾಪ್ ಹಿಡಿದು ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಇದು:

"ಬ್ಯಾರೆ ರೆಕಾರ್ಡ್ ಹಚ್ಚಿ ನೋಡಿದ್ರೇನ್ರಿ?"

"ಬ್ಯಾರೆ ರೆಕಾರ್ಡ್ ಎಲ್ಲದ?" ಎಂದರು ಧನರಾಜರು.

ಬಿಲಾಲ್ ನನ್ನ ಮುಖ ನೋಡಿದರು. ನಾನು ಮೇಲೆ ಫ್ಯಾನ್ ನೋಡಿದೆ. ಅವರು ತಮ್ಮ ಚೀಲದಿಂದ ಒಂದು ರೆಕಾರ್ಡು ತೆಗೆದು ಹಚ್ಚಿದರು. ಎರಡೂ ಬದಿ ಸಾಫ್. ಆಮೇಲೆ ನಮ್ಮದನ್ನು ಹಚ್ಚಿದರು. ಎರಡನೇ ಬದಿಗೆ ಬರುತ್ತಿದ್ದಂತೆ ದಪ್ ದಪ್ ದಪ್.

"ನನ್ನ ಕೈ ನೋಡ್ರಿ," ಎಂದು ನಾನು ಎರಡೂ ಅಂಗೈ ಎತ್ತಿ ತೋರಿಸಿದೆ. ಇಂಥ ಸಂದರ್ಭ ಮತ್ತೆ ಮತ್ತೆ ಬರುವುದಿಲ್ಲ.

"ಭಾಬಿಯವರದಲ್ರಿ ಅಣ್ಣಾ. ಇದು ರೆಕಾರ್ಡಿನ ಒಳಗೇ ಅದ," ಎಂದರು ಬಿಲಾಲ್. "ಇಷ್ಟ್ ಕೆಳಗಿನ ಆವಾಜ್ ನಿಮ್ಮ ಹಳಿ ಡಬ್ಬಿಗೆ ಬರ್ತಿರಲಿಲ್ಲ. ಹೊಸಾದು ಬಂತಲಾ, ಎಲ್ಲಾ ಹೊರಗ ಬಿತ್ತು. ತಬಲಾ ಅನ್ಬೇಕಂದ್ರ ತಾಳಕ್ಕ ಕೂಡವಲ್ದು. ಫಿಕರ್ ಮಾಡಬ್ಯಾಡ್ರಿ, ಕಂಪ್ಯೂಟರಿನಾಗ ಕತ್ತರಿಸಿ ತಗದುಬಿಡ್ತೀನಿ."

ತಾಳಕ್ಕೆ ಕೂಡುವುದಿಲ್ಲ ಎಂದರಲ್ಲ, ಆಗ ನಾನು ಸರಿಯಾಗಿ ಕೇಳಿದೆ. ಅದು ಹಾಡಿನ ತಾಳಕ್ಕೆ ಕೂಡುತ್ತಿರಲಿಲ್ಲ ನಿಜ, ಆದರೆ ತನ್ನದೇ ಲೆಕ್ಕದಲ್ಲಿತ್ತು. ಜೋರು ಪೆಟ್ಟುಗಳು, ನಡುನಡುವೆ ಅಂಚಿಗೆ ಒಂದು ಹಗುರ ಪೆಟ್ಟು, ಆಮೇಲೆ ಸುಮ್ಮನೆ. ಎತ್ತಿ ತವೆಗೆ ಹಾಕಿ ಮೇಲೆ ನೀರು ಸವರುವಷ್ಟು ಹೊತ್ತು ಸುಮ್ಮನೆ. ಮತ್ತೆ ಶುರು. ನನ್ನ ಬಲಗೈ ತೊಡೆಯ ಮೇಲೆ ತಾನಾಗಿಯೇ ಬಡಿಯತೊಡಗಿತ್ತು. ಮೂರು ಜೋರು, ಒಂದು ಹಗುರ. ಹೀಗೆ ಬಡಿಯುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ಈ ಮನೆಗೆ ಬಂದ ಹೊಸದರಲ್ಲಿ ನನ್ನ ಕೈ ಹಿಡಿದು ಕಲಿಸಲು ನೋಡಿದ್ದರು, ನನಗೆ ಇಂದಿಗೂ ಬಂದಿಲ್ಲ.

"ಅತ್ತಿ," ಎಂದು ಕೂಗಿದೆ.

ಅತ್ತೆ ಮೆಂತೆ ಸೊಪ್ಪು ಸೋಸುತ್ತಿದ್ದವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತು ಕೇಳಿದರು.

"ಅದು ನಾ," ಎಂದರು.

ಮಾವನಿಗೆ ನಗು ತಡೆಯಲಾಗಲಿಲ್ಲ. ಸಾಹೇಬರು ಅವತ್ತು ಓಣಿಯ ಹಿಟ್ಟಿನ ಗಿರಣಿ ನಿಲ್ಲಿಸಿದ್ದರಂತೆ, ಎಮ್ಮೆಯ ಕರುವನ್ನು ದೂರ ಕಟ್ಟಿಸಿದ್ದರಂತೆ, ಹುಡುಗರನ್ನೆಲ್ಲ ಓಡಿಸಿದ್ದರಂತೆ. ಅಡುಗೆಮನೆಗೆ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

"ರೊಟ್ಟಿ ಬಡಿಯೋದು ಸಪ್ಪಳ ಅಂತ ಯಾರಿಗೆ ಗೊತ್ತಿತ್ತು?" ಎಂದರು ಮಾವ. "ನೋಡ್ರಿ ಬಿಲಾಲ್, ನನ್ನ ಪದಾನೂ ಬಿಟ್ಟಿಲ್ಲ ಇಕಿ. ಒಂದ್ ಕಡಿ ರೊಟ್ಟಿ ಸುಟ್ಟಳು, ಒಂದ್ ಕಡಿ ಹಾಡ ಕೆಡಸಿದಳು."

"ಕತ್ತರಸ್ರಿ ಬಿಲಾಲ್ ಭಾಯಿ," ಎಂದರು ಧನರಾಜರು. "ಕಾಕಾಗ ಸಾಫ್ ಇದ್ದಿದ್ದು ಕೊಡೂನು."

"ಹೂಂ, ಕತ್ತರಸ್ರಿ," ಎಂದು ಅತ್ತೆಯೂ ಹೇಳಿ ಒಳಗೆ ತಿರುಗಿದರು. ಆ ತಿರುಗುವುದನ್ನು ನಾನು ಬಲ್ಲೆ. ಇನ್ನು ಮಜ್ಜಿಗೆ ಕಡೆಯಲು ಹೋಗುತ್ತಾರೆ.

ನನಗೆ ಸಿಟ್ಟು ನೆತ್ತಿಗೇರಿತು. ತಲೆ ತೂಗಿದವರ ಹೆಸರು ಕವರಿನ ಮೇಲಿದೆ. ಹದಿನೈದು ಜನರಿಗೆ ಉಣ್ಣಲು ಹಾಕಿದವರ ಹೆಸರಂತೂ ಇಲ್ಲ, ಇದ್ದ ಕೈಯ ಸದ್ದನ್ನೂ ಕಿತ್ತು ಹಾಕಿ ಪೆನ್‌ಡ್ರೈವ್ ಹಂಚುತ್ತಾರಂತೆ.

"ಕತ್ತರಸೂದ್ರಕಿಂತ ಮೊದಲು ಕಡೀ ಪದ ಇನ್ನೊಮ್ಮೆ ಹಚ್ರಿ," ಎಂದೆ. "ಯಾರೂ ಹಾಡ ಕೇಳಬ್ಯಾಡ್ರಿ. ರೊಟ್ಟಿ ಅಷ್ಟೇ ಕೇಳ್ರಿ. ಅತ್ತಿ, ನೀವೂ ನಿಂದರ್ರಿ."

ನನ್ನ ದನಿಯಲ್ಲಿ ಏನಿತ್ತೋ, ಬಿಲಾಲ್ ಮರುಮಾತಿಲ್ಲದೆ ಸೂಜಿ ಇಳಿಸಿದರು. ನನಗೆ ಆಗ ಹಟ ಬಿಟ್ಟರೆ ಬೇರೇನೂ ಇರಲಿಲ್ಲ. ಏನು ಸಿಗುತ್ತದೆಂದು ಗೊತ್ತಿದ್ದು ಕೇಳಿದ್ದಲ್ಲ. ಒಂದು ರೊಟ್ಟಿ ಆಯಿತು, ತವೆಗೆ ಹೋಯಿತು. ಇನ್ನೊಂದು ಶುರುವಾಯಿತು. ಅಷ್ಟರಲ್ಲಿ ಮಾವನ ದನಿ ಕೊನೆಯ ನುಡಿಯ ಒಂದು ಸಾಲಿಗೆ ಬಂದು, ಮೆಟ್ಟಿಲು ಹತ್ತಿದಂತೆ ಮೇಲೆ ಮೇಲೆ ಹೋಗತೊಡಗಿತು. ಮೂರು ಜೋರು, ಒಂದು ಹಗುರ. ಆಮೇಲೆ ಇಲ್ಲ. ಎರಡನೇ ರೊಟ್ಟಿ ಅರ್ಧಕ್ಕೇ ನಿಂತಿತು. ಮಾವ ಆ ಸಾಲನ್ನು ಎರಡು ಸಲ, ಮೂರು ಸಲ ತಿರುಗಿಸಿ ಹಾಡಿ ಕೆಳಗಿಳಿದು ಮುಗಿಸುವವರೆಗೂ ಒಂದು ಪೆಟ್ಟೂ ಬೀಳಲಿಲ್ಲ.

"ಅತ್ತಿ, ಇಲ್ಲಿ ನಿಮ್ಮ ಕೈ ಯಾಕ ನಿಂತದ?"

ಅತ್ತೆ ಸೆರಗಿನ ತುದಿಗೆ ಕೈ ಒರೆಸಿಕೊಂಡರು.

"ತವಿ ಮ್ಯಾಲ ಒಂದು ರೊಟ್ಟಿ ಇತ್ತಲಾ ಆವಾಗ?"

"ಇತ್ತು."

"ಮತ್ತ ನೀವೆಲ್ಲಿದ್ರಿ?"

"ಇಲ್ಲೇ," ಎಂದರು ಅತ್ತೆ, ಕಾಲ ಕೆಳಗಿನ ಹೊಸ್ತಿಲು ನೋಡುತ್ತ. "ಬಾಗಿಲ ತನಕ ಬಂದಿದ್ದೆ. ಆ ಸಾಲು ಬಂತಂದ್ರ ನಾ ಯಾವಾಗೂ ಬರ್ತಿದ್ದೆ. ಬಂದು ನಿಂತು ಕೇಳಿ ಹೋಗ್ತಿದ್ದೆ."

ಮಾವನ ಬೆನ್ನು ಯಾವಾಗಲೂ ಆ ಬಾಗಿಲಿನ ಕಡೆಗೇ ಇರುತ್ತಿತ್ತು, ಅವರ ಎದುರಿಗೆ ಜನ ಕೂತಿರುತ್ತಿದ್ದರು. ಇಂದಿಗೂ ಅವರ ಜಾಗ ಅದೇ.

"ಅವ್ವ, ಇಷ್ಟ್ ವರ್ಷ ಒಮ್ಮೆ ಹೇಳಬಾರದಾಗಿತ್ತೇನು?" ಎಂದರು ಧನರಾಜರು.

"ಹೇಳಿದ್ರ ಹಾಡೋರಿಗೆ ಸೊಕ್ಕು ಬರ್ತದ," ಎಂದು ಅತ್ತೆ ಒಳಗೆ ಹೋದರು.

ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಮಾವ ಕುರ್ಚಿಯನ್ನು ಟರ್ನ್‌ಟೇಬಲ್ಲಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ "ಇನ್ನೊಮ್ಮೆ ಹಚ್ಚಪಾ," ಎಂದರು. ಬಿಲಾಲ್ ಹಚ್ಚಿದರು. ಆ ಸಾಲು ಬಂದು, ಪೆಟ್ಟು ನಿಂತಾಗ, ಮಾವ ಮೊದಲ ಸಲ ಕುರ್ಚಿಯಲ್ಲಿ ಹಿಂತಿರುಗಿ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಸೊಪ್ಪು ತೊಳೆಯುವ ಸದ್ದು ಬರುತ್ತಿತ್ತು.

"ಏನೂ ಕತ್ತರಸಬ್ಯಾಡ್ರಿ," ಎಂದರು ಬಿಲಾಲರಿಗೆ. "ಹ್ಯಾಂಗ ಅದ ಹಂಗ ಇರ್ಲಿ."

ಭಾನುವಾರ ತುಳಜಾರಾಮ ಕಾಕಾ ಮೊಮ್ಮಗಳನ್ನು ಕರೆದುಕೊಂಡು ಬಂದರು. ರೆಕಾರ್ಡು ಎರಡೂ ಬದಿ ಕೇಳಿದರು. ತಮ್ಮ ತಾಳ ಬಿದ್ದ ಕಡೆ ತಲೆ ತಗ್ಗಿಸಿದರು, ಉಳಿದ ಮೂರು ಪದಕ್ಕೆ ಮೊದಲಿನಂತೆಯೇ ತಲೆ ತೂಗಿದರು. ಆ ದಪ್ ದಪ್ ಏನೆಂದು ಕೇಳಲಿಲ್ಲ. ಅವರೂ ಇದೇ ಸೀಮೆಯವರು, ಅವರ ಕಿವಿಗೆ ಅದು ಸಪ್ಪಳವೇ ಅಲ್ಲ. ಧನರಾಜರು ತೋಳಿನ ತೂಕ, ರಬ್ಬರ್ ಚೆಂಡು, ಕಲ್ಲಿನ ಗುಣ ಎಲ್ಲವನ್ನೂ ವಿವರಿಸಿದರು. ಕಲ್ಲು ಯಾರದೆಂದು ಮಾತ್ರ ಹೇಳಲಿಲ್ಲ. ಅದು ಇಂದಿಗೂ ಅಲ್ಲಿಯೇ ಇದೆ.

ಊಟಕ್ಕೆ ಕೂತರು. ಒಂದು ವಾರದ ಮೇಲೆ ಮನೆಯ ರೊಟ್ಟಿ. ಬಡಿದವಳು ನಾನು, ಬಡಿಸುತ್ತಿದ್ದವರು ಅತ್ತೆ. ಕಾಕಾ ತಾಟಿನಲ್ಲಿನ ರೊಟ್ಟಿ ಎತ್ತಿ ಹಿಂದೆ ಮುಂದೆ ನೋಡಿ ಅತ್ತೆಗೆ ತೋರಿಸಿದರು.

"ವೈನಿ, ಇವತ್ತ ಸುಟ್ಟಿದ್ದು ಇಲ್ಲೇನ್ರಿ?" ಎಂದು ನಕ್ಕು, ಮೊಮ್ಮಗಳ ಕಡೆ ತಿರುಗಿದರು. "ನಿನಗ ಗೊತ್ತಿಲ್ಲ. ರೆಕಾರ್ಡ್ ಆದ ದಿನ ಇವರು ಸಾಹೇಬರಿಗೆ ಎಂಥಾ ರೊಟ್ಟಿ ನೀಡಿದ್ರು ಅಂತ ಬಸವಣಪ್ಪನ್ನ ಕೇಳು. ಅವಾ ಛಂದ ಹೇಳ್ತಾನ."

ಎಲ್ಲರೂ ಮಾವನ ಮುಖ ನೋಡಿದರು. ಅತ್ತೆಯ ಕೈ ರೊಟ್ಟಿಯ ಬುಟ್ಟಿಯ ಮೇಲೆಯೇ ನಿಂತಿತು. ನಲವತ್ತೈದು ವರ್ಷದ ಅಭ್ಯಾಸ, ಒಂದು ದಿನಕ್ಕೆ ಬಿಡುತ್ತದೆಂದು ಯಾರು ಹೇಳಬೇಕು? ಮಾವ ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟರು.

"ಆ ರೊಟ್ಟಿ ಇಕಿ ಸುಟ್ಟಿದ್ದಲ್ಲೋ ತುಳಜಾರಾಮ," ಎಂದರು. "ನಾ ಸುಟ್ಟಿದ್ದು. ಆ ಸಾಲಿಗೆ ನಾ ಅಷ್ಟ್ ಮ್ಯಾಲ ಹೋಗಬಾರದಿತ್ತು."

ಕಾಕಾನಿಗೆ ಏನೂ ತಿಳಿಯಲಿಲ್ಲ. ಅತ್ತೆ ಬುಟ್ಟಿಯಿಂದ ಒಂದು ಬಿಸಿ ರೊಟ್ಟಿ ತೆಗೆದು ಮಾವನ ತಾಟಿಗೆ ಹಾಕಿದರು.

"ಅಷ್ಟೇನ್ ಮ್ಯಾಲ ಹೋಗಿರಲಿಲ್ಲ ಬಿಡ್ರಿ," ಎಂದರು.